ಮಕ್ಕಳ ರಾತ್ರಿಯುಡುಪೂ ಬೆಂಕಿಯ ಭಯವೂ

ಮಕ್ಕಳ ಲಾಲನೆ ಪಾಲನೆಯ ವಿಷಯದಲ್ಲಿ ನಮ್ಮ ತಾಯಂದಿರಿಗೆ ಹೊರಗಿನವರು ಬುದ್ಧಿ ಹೇಳಬೇಕಾದುದಿಲ್ಲ. ಮಗುವಿಗೆ ಚಳಿ ತಾಕದಂತೆ, ಹಸಿವಾಗದಂತೆ, ದೃಷ್ಟಿಯಾಗದಂತೆ ಅವರು ವಹಿಸುವ ಎಚ್ಚರಿಕೆ ಎಲ್ಲರೂ ಬಲ್ಲದ್ದು. ಆದರೆ ಮಗು ಮಲಗುವಾಗ ತೊಡುವ ಅಂಗಿಗೆ ಬೆಂಕಿ ತಗುಲಿದರೆ ಅದು ಎಷ್ಟು ಬೇಗ ಉರಿದೀತು ಎಂಬ ಪ್ರಶ್ನೆಯನ್ನು ಕೊಳ್ಳುವ ಹೊತ್ತಿನಲ್ಲಿ ಕೇಳುವವರು ವಿರಳ. ಬಣ್ಣ, ಬೆಲೆ, ಬಾಳಿಕೆ, ಈ ಮೂರನ್ನು ವಿಚಾರಿಸಿ ಮನೆಗೆ ಹಿಂದಿರುಗುತ್ತೇವೆ. ನಾಲ್ಕನೆಯದಾದ ಈ ಪ್ರಶ್ನೆಯನ್ನೂ ಕೇಳುವುದು ಕೊಳ್ಳುವವರ ಕರ್ತವ್ಯವೆಂದೂ, ಅದಕ್ಕೆ ಉತ್ತರ ಕೊಡುವುದು ಮಾರುವವರ ಮತ್ತು ಸರ್ಕಾರದ ಕರ್ತವ್ಯವೆಂದೂ ನಾವು ಭಾವಿಸುತ್ತೇವೆ.

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಹೋಬಳಿಯನ್ನೇ ನೋಡೋಣ. ಹಿಂದೆ ಪಾಳೆಯಗಾರರು ಆಳಿದ ಊರು. ಸುತ್ತಲೂ ತೆಂಗಿನ ಸೀಮೆ. ಗರಿ, ಮಟ್ಟೆ, ಚಿಪ್ಪುಗಳಿಗೆ ಇಲ್ಲಿ ಬರವಿಲ್ಲ. ಅಡಿಗೆಯ ಮನೆಗೆ ಗ್ಯಾಸು ಬಂದಿದ್ದರೂ ಬಚ್ಚಲ ಹಂಡೆಯ ಒಲೆ ಹಲವು ಮನೆಗಳಲ್ಲಿ ಇನ್ನೂ ಉರಿಯುತ್ತಲಿದೆ. ಮಾರ್ಗಶಿರ ಪುಷ್ಯ ಮಾಸಗಳ ಚಳಿಯಲ್ಲಿ ಮಕ್ಕಳು ಹಾಸಿಗೆಯಿಂದ ಎದ್ದವರೇ, ಮಲಗಿದ್ದ ಅಂಗಿಯಲ್ಲಿಯೇ, ಆ ಒಲೆಯ ಬಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಮೈ ಕಾಯಿಸಿಕೊಳ್ಳುವರು. ಒಣಗಿದ ಗರಿ ಚಟಪಟನೆ ಕಿಡಿ ಹಾರಿಸುವುದು. ನೆರಿಗೆಯ ಅಂಗಿಯ ಅಂಚು ನೆಲದ ಮೇಲೆ ಹರಡಿರುವುದು. ಇದಲ್ಲದೆ ವಿದ್ಯುತ್ತು ಹೋದ ರಾತ್ರಿಯ ಮೇಣದಬತ್ತಿ, ಮಂಚದ ಕೆಳಗಿನ ಸೊಳ್ಳೆಬತ್ತಿ, ಕಾರ್ತಿಕದ ಹಣತೆ, ದೀಪಾವಳಿಯ ಸುರುಸುರುಬತ್ತಿ ಇವೂ ಉಂಟು. ಮನೆಮನೆಗೂ ವಿದ್ಯುದ್ದೀಪ ಬಂದಮೇಲೆ ಈ ಭಯ ತೀರಿತೆಂದು ಹೇಳುವವರು ಇವನ್ನು ಮರೆತಿರುವರು.

ರಾತ್ರಿಯುಡುಪಿನಲ್ಲಿಯೇ ಅಪಾಯ ಹೆಚ್ಚೆಂಬುದಕ್ಕೆ ಕಾರಣ ಸ್ಪಷ್ಟವಾಗಿದೆ. ಉರಿ ಯಾವಾಗಲೂ ಮೇಲ್ಮುಖವಾಗಿ ಏರತಕ್ಕದ್ದು. ತೂಗಾಡುವ ಸಡಿಲವಾದ ಅಂಗಿಗೆ ಒಳಗೂ ಹೊರಗೂ ಗಾಳಿ ಆಡುವುದರಿಂದ, ಅಂಚಿಗೆ ತಗುಲಿದ ಕಿಡಿ ಕ್ಷಣಮಾತ್ರದಲ್ಲಿ ಎದೆಗೂ ಮುಖಕ್ಕೂ ಏರುತ್ತದೆ. ತೆಳುವಾದ ಹತ್ತಿಯ ಬಟ್ಟೆ ಬೇಗ ಹೊತ್ತಿಕೊಳ್ಳುವುದು. ಬೆಚ್ಚಗಿರಲೆಂದು ಜುಂಗೆಬ್ಬಿಸಿದ ಫ್ಲಾನೆಲೆಟ್ ಬಟ್ಟೆಯ ಮೈಮೇಲೆ ಉರಿ ಇನ್ನೂ ಬೇಗ ಓಡುವುದು. ನೈಲಾನ್, ಪಾಲಿಯೆಸ್ಟರ್‌ಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುವುವು. ಉಣ್ಣೆ ಸುಲಭವಾಗಿ ಉರಿ ಹಿಡಿಯದ ಬಟ್ಟೆ. ಪ್ರತಿವರ್ಷವೂ ಲೋಕದಲ್ಲಿ ಸುಮಾರು 1,80,000 ಜನ ಸುಟ್ಟಗಾಯಗಳಿಂದ ಸಾಯುವರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹೆಂಗಸರಿಗೆ ಈ ಗಂಡಾಂತರ ಹೆಚ್ಚಾಗಿರುವುದಕ್ಕೆ ತೆರೆದ ಒಲೆಯೂ ಸಡಿಲವಾದ ಉಡುಪೂ ಕಾರಣವೆಂದು ಅದೇ ಸಂಸ್ಥೆ ಹೇಳುತ್ತದೆ.

ಅನ್ಯದೇಶಗಳವರು ಈ ವಿಷಯವನ್ನು ಬಹುಕಾಲದಿಂದ ಚಿಂತಿಸಿರುವರು. ಇಂಗ್ಲೆಂಡಿನಲ್ಲಿ ಫ್ಲಾನೆಲೆಟ್ ಉಡುಪಿನ ಮಕ್ಕಳು ಸುಟ್ಟು ಸಾಯುತ್ತಿದ್ದುದನ್ನು ಕಂಡು, ಬೆಂಕಿ ಹತ್ತದ ಬಟ್ಟೆಯೆಂದು ಸುಳ್ಳು ಹೇಳಿ ಮಾರುವುದನ್ನು ತಡೆಯಲು 1913ರಲ್ಲಿಯೇ ಕಾನೂನು ಮಾಡಿದರು. 1985ರ ನಿಯಮಗಳ ಪ್ರಕಾರ ಅಲ್ಲಿ ಮಕ್ಕಳ ರಾತ್ರಿಯಂಗಿ ಉರಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇತರ ಕೆಲವು ಉಡುಪುಗಳ ಮೇಲೆ ಬೆಂಕಿಯಿಂದ ದೂರವಿಡಿ ಎಂಬ ಚೀಟಿಯಿರಬೇಕು. ಅಮೆರಿಕದಲ್ಲಿ 1971ರಲ್ಲಿ ಹೊರಟ ನಿಯಮ ಇನ್ನೂ ಕಟ್ಟುನಿಟ್ಟಾದುದು. ಬಟ್ಟೆಯ ಐದು ತುಂಡುಗಳನ್ನು ನೆಟ್ಟಗೆ ತೂಗುಹಾಕಿ, ಕೆಳಗಿನ ಅಂಚಿಗೆ 3 ಸೆಕೆಂಡು ಉರಿ ತಾಕಿಸುವರು. ಸುಟ್ಟ ಭಾಗದ ಉದ್ದ ಸರಾಸರಿ 7 ಅಂಗುಲವನ್ನು ಮೀರಕೂಡದು. 50 ಸಲ ಒಗೆದ ಮೇಲೂ ಬಟ್ಟೆ ಈ ಪರೀಕ್ಷೆಗೆ ನಿಲ್ಲಬೇಕು. ಈ ಕಡೆಯ ಮಾತು ಅರ್ಥವತ್ತಾದುದು. ಬಿಳಿಗಾರದ ನೀರಿನಲ್ಲಿ ಅದ್ದಿದ ಬಟ್ಟೆಯೂ ಬೆಂಕಿಯನ್ನು ತಡೆಯುವುದು. ಆದರೆ ಒಗೆದರೆ ಆ ಗುಣ ಹೊರಟುಹೋಗುವುದು.

ಇಲ್ಲಿ ಒಂದು ಪಾಠವನ್ನು ಮರೆಯಬಾರದು. ಪರೀಕ್ಷೆಯಲ್ಲಿ ಗೆಲ್ಲಲೆಂದು ಅಮೆರಿಕದ ತಯಾರಕರು ಮಕ್ಕಳ ಉಡುಪಿಗೆ ಟ್ರಿಸ್ ಎಂಬ ರಾಸಾಯನಿಕವನ್ನು ಹಾಕಿದರು. ಅದು ಅರ್ಬುದರೋಗಕ್ಕೆ ಕಾರಣವಾಗಬಹುದೆಂದು ತಿಳಿದು 1977ರಲ್ಲಿ ಅಂಥ ಉಡುಪನ್ನು ನಿಷೇಧಿಸಬೇಕಾಯಿತು. ಬೆಂಕಿಯಿಂದ ಉಳಿಸಹೋಗಿ ವಿಷವನ್ನು ಉಡಿಸಿದಂತಾಯಿತು. 1996ರಲ್ಲಿ ನಿಯಮವನ್ನು ತಿದ್ದಿ, ಮೈಗೆ ಒತ್ತಿ ಕೂರುವ ಉಡುಪಿಗೆ ಆ ಪರೀಕ್ಷೆಯಿಂದ ವಿನಾಯಿತಿ ಕೊಟ್ಟರು. ಬಟ್ಟೆಗೂ ಮೈಗೂ ನಡುವೆ ಗಾಳಿಯಿಲ್ಲದಿದ್ದರೆ ಉರಿ ಸುಲಭವಾಗಿ ಏರಲಾರದು. ತೂಗಾಡುವ ಅಂಚಿಲ್ಲದಿದ್ದರೆ ಅದು ಒಲೆಯನ್ನು ಮುಟ್ಟಲಾರದು. ಇಂಥ ಉಡುಪಿನ ಮೇಲೆ, ಇದು ಬೆಂಕಿಯನ್ನು ತಡೆಯುವ ಬಟ್ಟೆಯಲ್ಲ, ಮೈಗೆ ಒತ್ತಿದಂತೆ ತೊಡಿಸಿ, ಎಂದು ತಿಳಿಸುವ ಚೀಟಿ ಇರಲೇಬೇಕು.

ನಮ್ಮ ನಾಡಿನ ಸಂಗತಿಯೇನು? ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಪರದೇಶದವರಿಗಾಗಿ ಬಟ್ಟೆ ಹೊಲಿಯುತ್ತಿರುವರು. ಅಲ್ಲಿಗೆ ಹೋಗುವ ಉಡುಪು ಆಯಾ ದೇಶದ ನಿಯಮಕ್ಕೆ ಒಳಪಡಲೇಬೇಕು. ಆದರೆ ನಮ್ಮ ಹಳ್ಳಿಯ ಸಂತೆಯಲ್ಲಿ ಹರವಿಟ್ಟ ಫ್ರಾಕುಗಳಲ್ಲಿ ಬೆಂಕಿಯ ಮಾತನ್ನು ಹೇಳುವ ಒಂದು ಚೀಟಿಯನ್ನೂ ನಾವು ಕಂಡಿಲ್ಲ. ಹೊಲಿಯುವ ಕೈ ನಮ್ಮದು, ಕಾಪಾಡುವ ನಿಯಮ ಪರರ ಮಕ್ಕಳಿಗೆ! ಬೆಂಕಿಯ ಮುಂದೆ ಬಟ್ಟೆ ಏನಾಗುವುದೆಂಬುದನ್ನು ಈ ನಾಡು ಅರಿಯದುದಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ತೊಂಬತ್ತಕ್ಕೂ ಮಿಕ್ಕ ಜನ ಮಡಿದರು. ಅವರಲ್ಲಿ ಬಹುಮಂದಿ ಮಕ್ಕಳು. ಅಂಥ ಮಹಾದುರಂತಕ್ಕೆ ನಾಡೆಲ್ಲ ಮರುಗುವುದು. ಬಚ್ಚಲ ಒಲೆಯ ಮುಂದೆ ಒಂಟಿಯಾಗಿ ಬೆಂದ ಮಗುವಿನ ಸುದ್ದಿಯಾದರೋ ಬೀದಿಯನ್ನು ದಾಟದೆ ಹಣೆಬರಹವೆಂಬ ಹೆಸರಿನಲ್ಲಿ ಮುಗಿಯುವುದು. ಹಣೆಬರಹವೆಂದಲ್ಲಿ ನಿಯಮ ಹುಟ್ಟದು.

ನಿಯಮ ಬಂದರೆ ಬೆಲೆ ಏರುವುದು, ಬಡವರಿಗೆ ಹೊರೆಯಾಗುವುದು ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದುದರಿಂದಲೇ ನಾವು ದುಬಾರಿಯಾದ ರಾಸಾಯನಿಕವನ್ನು ಬೇಡುವುದಿಲ್ಲ. ಮೈಗೊಪ್ಪುವ ಪೈಜಾಮ ಅಂಗಿಗೆ ನೆರಿಗೆಯ ಫ್ರಾಕಿಗಿಂತ ಬಟ್ಟೆ ಕಡಿಮೆಯೇ ಸಾಕು. ಕನ್ನಡದಲ್ಲಿ ಒಂದು ಸಾಲು ಅಚ್ಚು ಮಾಡಿಸಿದ ಚೀಟಿಗೆ ತಗುಲುವ ವೆಚ್ಚ ಅತ್ಯಲ್ಪ. ಮಕ್ಕಳ ರಾತ್ರಿಯುಡುಪಿಗೆಲ್ಲ ಇಂಥ ಚೀಟಿಯನ್ನೂ ಅಳತೆಯ ನಿಯಮವನ್ನೂ ಕಡ್ಡಾಯ ಮಾಡಬೇಕೆಂಬುದು ಸರ್ಕಾರಕ್ಕೂ ಭಾರತೀಯ ಮಾನಕ ಬ್ಯೂರೋಗೂ ನಮ್ಮ ವಿಜ್ಞಾಪನೆ. ವಿದ್ಯಾರ್ಥಿನಿಲಯಗಳಿಗೆ ಉಡುಪು ಹಾಸಿಗೆಗಳನ್ನು ಕೊಳ್ಳುವವರಂತೂ ಕಾನೂನಿಗಾಗಿ ಕಾಯದೆ ಇದನ್ನು ಪಾಲಿಸಬಹುದು.

ಅದುವರೆಗೆ ನಮ್ಮ ಕೈಯಲ್ಲಿರುವುದು ಕಡಿಮೆಯೇನಲ್ಲ. ಹೊಲಿಗೆ ಕಲಿತ ಹೆಣ್ಣುಮಕ್ಕಳು ತಮ್ಮ ತಂಗಿ ತಮ್ಮಂದಿರ ರಾತ್ರಿಯಂಗಿಯನ್ನು ನೆರಿಗೆಯಿಲ್ಲದೆ, ಜೋಲುವ ಲಾಡಿಯಿಲ್ಲದೆ, ಕೈತುದಿ ಕಾಲ್ತುದಿಗಳು ಬಿಗಿಯಾಗಿರುವಂತೆ ಕತ್ತರಿಸಲಿ. ಅಕ್ಕನ ಹಳೆಯ ಅಂಗಿ ಚಿಕ್ಕವಳಿಗೆ ದೊಗಳೆಯಾದರೆ ಅದನ್ನು ಒತ್ತಿ ಹೊಲಿದೇ ತೊಡಿಸಲಿ. ಒಲೆಯ ಮುಂದೆ ಮಗುವನ್ನು ಒಂಟಿಯಾಗಿ ಬಿಡದಿರಲಿ. ಉಡುಪಿಗೆ ಉರಿ ಹತ್ತಿದರೆ ಓಡಬಾರದು, ಓಡಿದರೆ ಗಾಳಿಯಿಂದ ಉರಿ ಹೆಚ್ಚುವುದು. ನಿಂತಲ್ಲೇ ಮಲಗಿ ಮುಖ ಮುಚ್ಚಿಕೊಂಡು ಉರುಳಬೇಕು, ಹತ್ತಿರವಿದ್ದವರು ಕಂಬಳಿ ಸುತ್ತಬೇಕು ಎಂಬುದನ್ನು ಪ್ರತಿಯೊಂದು ಮಗುವಿಗೂ ಆಟದಂತೆ ಅಭ್ಯಾಸ ಮಾಡಿಸಲಿ. ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಮಸಿ, ಎಣ್ಣೆ, ಹಲ್ಲಿನ ಪೇಸ್ಟು ಹಚ್ಚಬಾರದು. ಅಂಟಿದ ಬಟ್ಟೆಯನ್ನು ಕೀಳದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು.

ವಿದ್ಯಾವತಿಯರಾದ ನಮ್ಮ ಸೋದರಿಯರು ಮುಂದಿನ ಸಲ ಅಂಗಡಿಯಲ್ಲಿ ಮಗುವಿನ ಅಂಗಿಯನ್ನು ಕೈಗೆತ್ತಿಕೊಂಡಾಗ, ಬೆಲೆಯೊಡನೆ ಆ ನಾಲ್ಕನೆಯ ಪ್ರಶ್ನೆಯನ್ನೂ ಕೇಳಲೆಂದು ನಾವು ಪ್ರಾರ್ಥಿಸುತ್ತೇವೆ. ಒಬ್ಬಳು ಕೇಳಿದರೆ ವರ್ತಕನು ನಕ್ಕಾನು. ನೂರು ಮಂದಿ ಕೇಳಿದರೆ ಉತ್ತರವನ್ನು ಹುಡುಕಿ ತಂದಾನು.