ಆನ್‌ಲೈನ್ ಆಟ ಎಂಬ ಒಂದೇ ಪದ, ಕಲ್ಪತರು ನಾಡಿನ ಎರಡು ಲೆಕ್ಕ

2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಮೂರೇ ದಿನಗಳಲ್ಲಿ ಸಂಸತ್ತನ್ನು ದಾಟಿ ಬಂದ ಪರಿ ಇದು. ಅದರ ಬೆನ್ನಿಗೇ ನಡೆದ ಚರ್ಚೆಯೆಲ್ಲ ರಮ್ಮಿ ಮತ್ತು ಫ್ಯಾಂಟಸಿ ಕ್ರಿಕೆಟ್ ಕಂಪನಿಗಳು, ಅಲ್ಲಿನ ಉದ್ಯೋಗಗಳು, ಸರ್ಕಾರಕ್ಕೆ ತಪ್ಪಿಹೋಗುವ ತೆರಿಗೆ ಇವುಗಳ ಸುತ್ತಲೇ ಸುತ್ತಿತು. ಅದು ಸಹಜವೂ ಹೌದು. ಆದರೆ ಕಾಯ್ದೆ ಮಾಡಿದ ಇನ್ನೊಂದು ಕೆಲಸ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಹಣ ಪಣಕ್ಕಿಡುವ ಆಟ ಬೇರೆ, ಇ-ಕ್ರೀಡೆ ಬೇರೆ, ಮನರಂಜನೆಗಾಗಿ ಆಡುವ ಸಾಮಾಜಿಕ ಆಟ ಬೇರೆ ಎಂದು ಅದು ಕೇಂದ್ರ ಶಾಸನದಲ್ಲೇ ಮೂರು ಪಾಲು ಮಾಡಿತು.

ಈ ವಿಂಗಡಣೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳನ್ನು ಇನ್ನೂ ತಲುಪಿದಂತೆ ಕಾಣುವುದಿಲ್ಲ. ಅಲ್ಲಿ ಹುಡುಗ ಮೊಬೈಲ್ ಹಿಡಿದು ರಮ್ಮಿ ಆಡಿದರೂ ‘ಗೇಮ್’, ಬಂದೂಕು ಹಿಡಿದು ಓಡಿದರೂ ‘ಗೇಮ್’, ಗೆಳೆಯರೊಡನೆ ಕಾಲ್ಪನಿಕ ಕಾಡಿನಲ್ಲಿ ಗುಡಿಸಲು ಕಟ್ಟುತ್ತಿದ್ದರೂ ‘ಗೇಮ್’. ಪಕ್ಕದ ಊರಿನಲ್ಲಿ ಯಾರೋ ಹಣ ಕಳೆದುಕೊಂಡ ಸುದ್ದಿ ಬಂದ ದಿನ ಈ ಮೂರಕ್ಕೂ ಒಂದೇ ಶಿಕ್ಷೆ. ವೈ-ಫೈ ತಂತಿ ಕಿತ್ತು ಬೀರುವಿನೊಳಗೆ ಸೇರುತ್ತದೆ. ಹೆತ್ತವರ ಆತಂಕವನ್ನು ಹಳಿಯುವ ಉದ್ದೇಶ ಇಲ್ಲಿಲ್ಲ. ಅದಕ್ಕೆ ಬಲವಾದ ಕಾರಣವಿದೆ. ಆದರೆ ಆತಂಕ ಸರಿಯಾದ ಕಡೆಗೆ ತಿರುಗಿದೆಯೇ ಎಂಬುದು ಪ್ರಶ್ನೆ.

ಕಾರಣವನ್ನೇ ಮೊದಲು ನೋಡೋಣ. ಈ ಸೀಮೆಯ ಹಣಕಾಸಿನ ನಡಿಗೆ ಸಂಬಳದವರ ನಡಿಗೆಯಂತಲ್ಲ. ತಿಪಟೂರಿನ ಉಂಡೆ ಕೊಬ್ಬರಿ ದಿಢೀರನೆ ಆಗುವ ಪದಾರ್ಥವಲ್ಲ. ಬಲಿತ ಕಾಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡಬೇಕು. ಅಲ್ಲಿಯವರೆಗೆ ವರ್ಷದ ದುಡಿಮೆಯೆಲ್ಲ ಅಟ್ಟದ ಮೇಲೆ. ಸುಲಿದು ಮಾರಿದ ದಿನ ಅದಷ್ಟೂ ಒಮ್ಮೆಗೇ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆ ಖಾತೆಯ ಕೀಲಿ ಇಂದು ಮೊಬೈಲ್ ಫೋನಿನಲ್ಲಿದೆ. ಆ ಫೋನು ಅನೇಕ ಮನೆಗಳಲ್ಲಿ ತಂದೆಗಿಂತ ಹೆಚ್ಚು ಹೊತ್ತು ಮಗನ ಕೈಯಲ್ಲಿರುತ್ತದೆ. ಇದರ ಮೇಲೆ ಬೆಲೆಯ ಉಯ್ಯಾಲೆ ಬೇರೆ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. 2025ರ ನಡುವಿನಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಅದೃಷ್ಟ ಎಂಬ ಮಾತಿಗೆ ಇಷ್ಟು ಒಗ್ಗಿಕೊಂಡ ಬೆಳೆಗಾರರ ಮನೆಗೆ ‘ಇನ್ನೊಂದು ಆಟ ಆಡಿದರೆ ಕಳೆದದ್ದು ಬರುತ್ತದೆ’ ಎನ್ನುವ ಆ್ಯಪ್ ಹೊಕ್ಕರೆ ಏನಾದೀತೆಂದು ವಿವರಿಸಬೇಕಾಗಿಲ್ಲ.

ರಾಜ್ಯ ಸರ್ಕಾರ ಇದನ್ನು ತಡೆಯಲು ಹೊರಟಿದ್ದುಂಟು. ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಕೌಶಲದ ಆಟಕ್ಕೂ ಜೂಜಿಗೂ ನಡುವೆ ನ್ಯಾಯಾಲಯಗಳು ಹಿಂದಿನಿಂದ ಎಳೆದಿದ್ದ ಗೆರೆಯನ್ನು ಅದು ಅಳಿಸಿಹಾಕಿತೆಂಬ ಕಾರಣಕ್ಕೆ 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಕೇಂದ್ರದ ಕಾಯ್ದೆ ಆ ವಾದಕ್ಕೇ ಬೆನ್ನು ತಿರುಗಿಸಿದೆ. ಕೌಶಲವೋ ಅದೃಷ್ಟವೋ ಎಂದು ಅದು ಕೇಳುವುದಿಲ್ಲ. ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆ ಇದೆಯೇ ಎಂದಷ್ಟೇ ಕೇಳುತ್ತದೆ. ಇದ್ದರೆ ಅಂಥ ಆಟ ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ಇದನ್ನು ಪ್ರಶ್ನಿಸಿದ ಮೊದಲ ಅರ್ಜಿ ಬಂದದ್ದೂ ನಮ್ಮ ಹೈಕೋರ್ಟಿಗೇ. ಬಳಿಕ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟುಗಳ ಪ್ರಕರಣಗಳನ್ನು ತನ್ನ ಬಳಿಗೆ ತರಿಸಿಕೊಂಡಿತು.

ಇನ್ನು ಮೂರನೆಯ ಪಾಲಿಗೆ ಬರೋಣ. ಪ್ರವೇಶಕ್ಕೆ ಒಮ್ಮೆ ಶುಲ್ಕ ತೆಗೆದುಕೊಂಡರೂ ಪಣವಿಲ್ಲದ ಆಟ ಸಾಮಾಜಿಕ ಆಟ ಎನ್ನುತ್ತದೆ ಕಾಯ್ದೆ. ‘ಸಾಮಾಜಿಕ’ ಎಂಬ ಪದ ಕರಡು ಬರೆದವರಿಗೆ ಬರಿಯ ಪಾರಿಭಾಷಿಕವಾಗಿರಬಹುದು. ಆದರೆ ಒಂದು ಬಗೆಯ ಆಟಗಳಿಗೆ ಅದು ಅಕ್ಷರಶಃ ಒಪ್ಪುತ್ತದೆ.

ಸ್ವೀಡನ್ನಿನ ಐರನ್ ಗೇಟ್ ಎಂಬ ಪುಟ್ಟ ತಂಡ 2021ರ ಫೆಬ್ರವರಿ 2ರಂದು ‘ವಾಲ್‌ಹೈಮ್’ ಎಂಬ ಆಟವನ್ನು ಮಾರಾಟಕ್ಕಿಟ್ಟಿತು. ಆಗ ಆ ತಂಡದಲ್ಲಿದ್ದವರು ಐವರು. ಒಂದು ತಿಂಗಳ ಆಸುಪಾಸಿನಲ್ಲಿ 50 ಲಕ್ಷ ಪ್ರತಿಗಳು ಖರ್ಚಾದವು. ಜರ್ಮನಿಯ ಫ್ರಾಂಕ್‌ಫರ್ಟ್‌ನ ಕೀನ್ ಗೇಮ್ಸ್ 2024ರ ಜನವರಿಯಲ್ಲಿ ‘ಎನ್‌ಶ್ರೌಡೆಡ್’ ತಂದಿತು. ಮೊದಲನೆಯದರಲ್ಲಿ ಹತ್ತು ಮಂದಿ, ಎರಡನೆಯದರಲ್ಲಿ ಹದಿನಾರು ಮಂದಿ ಒಂದೇ ಲೋಕದೊಳಗೆ ಸೇರಿ ಆಡಬಹುದು. ಎರಡನ್ನೂ ಪೂರ್ತಿ ಸಿದ್ಧವಾಗುವ ಮುನ್ನವೇ ಮಾರಲಾಯಿತು. ಅಡಿಕೆ ಇನ್ನೂ ಮರದಲ್ಲಿರುವಾಗಲೇ ಚೇಣಿ ಮಾತಾಡಿ ಹಣ ಕೊಡುವ ವ್ಯವಹಾರ ಬಲ್ಲ ಈ ಸೀಮೆಯವರಿಗೆ ಅದರಲ್ಲಿ ಹೊಸದೇನೂ ಕಾಣದು.

ಇಂಥ ಆಟದಲ್ಲಿ ಗೆಲುವು ಎಂಬುದಿಲ್ಲ ಎಂದರೂ ನಡೆದೀತು. ಬರಿಗೈಯಲ್ಲಿ ಒಂದು ಕಾಡಿಗೆ ಬಂದು ಬೀಳುತ್ತೀರಿ. ಕಲ್ಲು ಆಯ್ದು, ಕಡ್ಡಿ ಕೂಡಿಸಿ ಕೊಡಲಿ ಮಾಡಬೇಕು. ಕೊಡಲಿಯಿಂದ ಮರ, ಮರದಿಂದ ಮನೆ, ಮನೆಯೊಳಗೆ ಒಲೆ, ಒಲೆಯಿಂದ ಊಟ. ವಾಲ್‌ಹೈಮ್‌ನಲ್ಲಿ ಹಸಿವಿನಿಂದ ಯಾರೂ ಸಾಯುವುದಿಲ್ಲ, ಆದರೆ ಒಳ್ಳೆಯ ಊಟವಿಲ್ಲದೆ ಹೊರಟವನು ಮೊದಲ ಹೊಡೆತಕ್ಕೇ ಉರುಳುತ್ತಾನೆ. ಕಡಿದ ಮರ ಯಾವ ಕಡೆಗೆ ಬೀಳುತ್ತದೆಂದು ನೋಡದೆ ನಿಂತವನೂ ಅಷ್ಟೇ. ಮರ ಬಿದ್ದು ಸಾಯುವುದು ಆ ಆಟದ ಹೊಸಬರ ಸಾಮಾನ್ಯ ಗತಿ. ಲೋಹದ ಅದಿರನ್ನು ಸಾಮಾನ್ಯ ಮಾಯಾದ್ವಾರದ ಮೂಲಕ ಸಾಗಿಸುವಂತಿಲ್ಲ, ಗಾಡಿಯಲ್ಲೋ ಹಡಗಿನಲ್ಲೋ ಹೊತ್ತು ತರಬೇಕು. (2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಅದಿರು ಲಾರಿಗಳ ಧೂಳು ಕುಡಿದ ಚಿಕ್ಕನಾಯಕನಹಳ್ಳಿಯವರಿಗೆ ಸಾಗಣೆಯೇ ಅದಿರಿನ ಅರ್ಧ ಕಥೆ ಎಂಬುದನ್ನು ಹೇಳಿಕೊಡಬೇಕಿಲ್ಲ.) ಸತ್ತವನ ಸಾಮಾನು ಸತ್ತ ಜಾಗದಲ್ಲೇ ಉಳಿಯುತ್ತದೆ. ಅದನ್ನು ತರಲು ಉಳಿದವರು ಕೆಲಸ ಬಿಟ್ಟು ಅವನ ಜೊತೆ ಹೋಗುತ್ತಾರೆ.

ಎನ್‌ಶ್ರೌಡೆಡ್‌ನ ಕಲ್ಪನೆ ಇನ್ನೂ ಕುತೂಹಲಕರ. ವಿಷದ ಮಂಜು ಕವಿದು ಅಳಿದುಹೋದ ನಾಡು ಅದು. ಆ ಮಂಜಿನೊಳಗೆ ಇರಬಹುದಾದದ್ದು ಕೆಲವೇ ನಿಮಿಷ. ನೆಲಮಾಳಿಗೆಗಳಲ್ಲಿ ನಿದ್ರೆಹೋದ ಕಸುಬುದಾರರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಎಬ್ಬಿಸಿ ಕರೆತಂದರೆ ಮಾತ್ರ ನೆಲೆ ಊರಾಗುತ್ತದೆ. ಕಮ್ಮಾರ ಬಂದರೆ ಆಯುಧ, ಬಡಗಿ ಬಂದರೆ ಪೀಠೋಪಕರಣ, ರೈತ ಬಂದರೆ ಬೆಳೆ. ನಮ್ಮ ಹಳ್ಳಿಗಳ ಆಯಗಾರ ಪದ್ಧತಿಯ ಬಗ್ಗೆ ಆ ಜರ್ಮನರು ಕೇಳಿರಲಾರರು. ಆದರೂ ಕಮ್ಮಾರನಿಲ್ಲದ ಊರು ಊರಲ್ಲ ಎಂಬ ತಿಳಿವಳಿಕೆಯ ಮೇಲೆಯೇ ಅವರ ಆಟ ನಿಂತಿದೆ. ನಮ್ಮ ಪದ್ಧತಿಯೊಳಗಿದ್ದ ಜಾತಿಯ ಬಿಗಿ ಅಲ್ಲಿಲ್ಲ ಎಂಬುದನ್ನೂ ಹೇಳಬೇಕು. ಇಂದು ಕಮ್ಮಾರಿಕೆ ಮಾಡಿದವನು ನಾಳೆ ಅಡುಗೆ ಮಾಡುತ್ತಾನೆ, ಯಾರೂ ಕುಲ ಕೇಳುವುದಿಲ್ಲ.

ಈ ಲೇಖಕ ತುರುವೇಕೆರೆ ಕಡೆಯ ನೆಂಟರ ಹುಡುಗರ ಜೊತೆ ಕೆಲವು ವಾರ ಕುಳಿತು ಆಡಿದ್ದುಂಟು. ಇಬ್ಬರು ಊರಿನಲ್ಲಿ, ಒಬ್ಬ ಬೆಂಗಳೂರಿನ ಪೀಣ್ಯದ ಬಾಡಿಗೆ ಕೋಣೆಯಲ್ಲಿ. ಕಿವಿಗೆ ಬೀಳುತ್ತಿದ್ದ ಮಾತು ಬಂದೂಕಿನ ಆಟಗಳ ಅರಚಾಟವಾಗಿರಲಿಲ್ಲ. ‘ಪೆಟ್ಟಿಗೇಲಿ ಸೌದೆ ಮುಗಿದಿದೆ, ಮೊದಲು ಸೌದೆ ತುಂಬ್ಸು’, ‘ನೀನು ಬೇಲಿ ಹಾಕು, ನಾನು ಅದಿರು ತರ್ತೀನಿ’, ‘ಅಣ್ಣ ಬರೋವರೆಗೂ ಆ ರಾಕ್ಷಸನ ತಂಟೆಗೆ ಹೋಗೋದು ಬೇಡ’. ಎಲ್ಲರ ಸಂಪಾದನೆಯೂ ಒಂದೇ ಪೆಟ್ಟಿಗೆಗೆ ಬೀಳುತ್ತದೆ. ಯಾರು ಎಷ್ಟು ಹಾಕಿದರು, ಯಾರು ಎಷ್ಟು ತೆಗೆದರು ಎಂಬ ಲೆಕ್ಕವನ್ನು ಆಟ ಇಡುವುದಿಲ್ಲ. ಹುಡುಗರು ಇಡುತ್ತಾರೆ, ಅದೂ ಬಹಳ ನಿಷ್ಠುರವಾಗಿ. ಹಳೆಯ ಮೈಸೂರು ಸೀಮೆಯಲ್ಲಿ ಇದಕ್ಕೊಂದು ಹೆಸರಿತ್ತು. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಮುಯ್ಯಾಳು. ಹಣದ ಕೂಲಿ ಬಂದಂತೆ ಅದು ಹೊಲದಿಂದ ಹಿಂದೆ ಸರಿಯಿತು. ಈಗ ಈ ಸೀಮೆಯಲ್ಲಿ ಮರ ಹತ್ತುವವರು, ಕಾಯಿ ಸುಲಿಯುವವರು ಸಿಗದೆ ತೋಟದವರು ಪರದಾಡುತ್ತಿದ್ದಾರೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಆರಂಭಿಸಿ, ಯಂತ್ರದ ನೆರವಿನಿಂದ ಮರ ಹತ್ತುವುದನ್ನು ಯುವಕರಿಗೆ ಕಲಿಸಲು ಹೊರಟದ್ದೂ ಇದೇ ಕಾರಣಕ್ಕೆ.

ಇಲ್ಲಿ ಯಾರಾದರೂ ಕೇಳಬಹುದು: ರಾತ್ರಿಯಿಡೀ ಕಾಲ್ಪನಿಕ ಮರ ಕಡಿಯುವ ಹುಡುಗ ಹಗಲು ತೋಟಕ್ಕೆ ಯಾಕೆ ಇಳಿಯುವುದಿಲ್ಲ? ಹರಟೆಕಟ್ಟೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಪ್ರಶ್ನೆ. ಆದರೆ ಅದರ ಉತ್ತರ ಆಟದಲ್ಲಿಲ್ಲ. ನುಸಿ ರೋಗ, ಕಾಂಡ ಸೋರುವ ರೋಗ, ಬಿಳಿನೊಣ, ಬತ್ತಿದ ಕೊಳವೆಬಾವಿ, ಎರಡು ವರ್ಷದಲ್ಲಿ ಎರಡು ಪಟ್ಟಿಗೂ ಮೀರಿ ಏರಿದ, ಮತ್ತೆ ಯಾವಾಗ ಇಳಿಯುವುದೋ ತಿಳಿಯದ ಬೆಲೆ, ಇವುಗಳಲ್ಲಿದೆ. ಆಟದಲ್ಲಿ ದುಡಿಮೆಗೆ ತಕ್ಕ ಫಲ ಖಚಿತ. ಹತ್ತು ಸೌದೆಗೆ ಹತ್ತು ಸೌದೆಯ ಕೆಲಸ ಆಗಿಯೇ ಆಗುತ್ತದೆ. ತೋಟದಲ್ಲಿ ಆ ಖಾತರಿಯನ್ನು ಅವನ ಅಪ್ಪನಿಗೂ ಯಾರೂ ಕೊಟ್ಟಿಲ್ಲ.

ಹಾಗೆಂದು ಈ ಆಟಗಳು ನಿರಪಾಯಕಾರಿ ಎಂದು ಪ್ರಮಾಣಪತ್ರ ಕೊಡಲಾಗದು. ಇಲ್ಲಿ ಹೋಗುವುದು ಹಣವಲ್ಲ, ಹೊತ್ತು. ಗೆಲುವಿಲ್ಲದ ಆಟಕ್ಕೆ ಮುಗಿಯುವ ಗಳಿಗೆಯೂ ಇಲ್ಲ. ‘ಈ ಗೋಡೆಯೊಂದು ಮುಗಿಸಿ ಮಲಗ್ತೀನಿ’ ಎಂದವನು ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯ ಕರೆಂಟು ಬಂದಾಗಲೂ ಎದ್ದೇ ಇರುತ್ತಾನೆ (ಒಂದು ವಿಧದಲ್ಲಿ ಅನುಕೂಲವೇ ಎಂದು ಒಬ್ಬ ತಂದೆ ನಕ್ಕದ್ದುಂಟು). ಜೊತೆಗಾರರು ಕಾಯುತ್ತಿದ್ದಾರೆ ಎಂಬ ದಾಕ್ಷಿಣ್ಯ ಒಬ್ಬನೇ ಆಡುವ ಆಟದಲ್ಲಿಲ್ಲ. ಇಲ್ಲಿ ಅದೇ ದೊಡ್ಡ ಸಂಕೋಲೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ವ್ಯಾಧಿಯನ್ನು 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ಅದು ಗಂಟೆ ಎಣಿಸಿ ವ್ಯಾಧಿ ಎನ್ನುವುದಿಲ್ಲ ಎಂಬುದನ್ನು ಗಮನಿಸಬೇಕು. ಆಟದ ಮೇಲೆ ಹಿಡಿತ ತಪ್ಪಿದೆಯೇ, ಓದು, ಊಟ, ಮನೆಯವರು ಎಲ್ಲಕ್ಕಿಂತ ಅದೇ ಮೇಲಾಗಿದೆಯೇ, ಹಾನಿಯಾಗುತ್ತಿದ್ದರೂ ಮುಂದುವರಿದಿದೆಯೇ, ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಎಂದು ನೋಡುತ್ತದೆ.

ಆದ್ದರಿಂದ ಮನೆಯ ಹಿರಿಯರು ಕೇಳಬೇಕಾದ ಪ್ರಶ್ನೆಗಳು ಎರಡು ಬಗೆಯವು. ಫೋನಿನಲ್ಲಿರುವ ಆಟ ಯುಪಿಐ ಕೇಳುತ್ತದೆಯೇ, ಗೆದ್ದರೆ ಹಣ ಕೊಡುತ್ತೇನೆ ಎನ್ನುತ್ತದೆಯೇ? ಹಾಗಿದ್ದರೆ ಅಲ್ಲಿ ಮಾತುಕತೆಗೆ ಎಡೆಯಿಲ್ಲ, ತೆಗೆದುಹಾಕಬೇಕು, ಖಾತೆಯ ಗುಪ್ತ ಸಂಖ್ಯೆ ಬದಲಿಸಬೇಕು. ಇಲ್ಲದಿದ್ದರೆ, ಆ ಕಡೆಯಿಂದ ಮಾತಾಡುತ್ತಿರುವವರು ಯಾರು, ಎಷ್ಟು ಹೊತ್ತಿಗೆ ಎಲ್ಲರೂ ಏಳುತ್ತಾರೆ ಎಂದು ಕೇಳುವುದು. ವಾಲ್‌ಹೈಮ್‌ನಂಥ ಆಟದಲ್ಲಿ ಲೋಕಕ್ಕೆ ಗುಪ್ತಪದ ಹಾಕಿ ಗುರುತಿನವರನ್ನಷ್ಟೇ ಒಳಗೆ ಬಿಡಬಹುದು. ಎಂಟು ಗಂಟೆಗೆ ಶುರು, ಹತ್ತೂವರೆಗೆ ಬಂದ್ ಎಂದು ಮೂರು ಮನೆಯವರು ಮಾತಾಡಿಕೊಂಡರೆ ದಾಕ್ಷಿಣ್ಯದ ಸಂಕೋಲೆಯೂ ಕಳಚುತ್ತದೆ. ಒಬ್ಬ ತಂದೆ ಮಾತ್ರ ತಂತಿ ಕಿತ್ತರೆ ಅದು ಕಳಚುವುದಿಲ್ಲ.

ಈ ಎಲ್ಲ ಮಾತಿನ ನಡುವೆ ಮರೆಯಬಾರದ ಸಂಗತಿ ಇನ್ನೊಂದಿದೆ. ಈ ಆಟಗಳಿಗೆ ಒಳ್ಳೆಯ ಕಂಪ್ಯೂಟರ್ ಬೇಕು, ಎನ್‌ಶ್ರೌಡೆಡ್‌ಗಂತೂ ದುಬಾರಿ ಗ್ರಾಫಿಕ್ಸ್ ಕಾರ್ಡೇ ಬೇಕು. ತೋಟವಿಲ್ಲದ, ಕಾಯಿ ಸುಲಿಯುವ ಕೂಲಿಯವರ ಮಕ್ಕಳಿಗೆ ದಕ್ಕುವುದು ಅಗ್ಗದ ಮೊಬೈಲ್ ಒಂದೇ. ಹಣದ ಆಟಗಳು ಬಲೆ ಬೀಸಿದ್ದು ಆ ಮೊಬೈಲಿನ ಮೇಲೇ. ಸಾಮಾಜಿಕ ಆಟಗಳಿಗೆ ಉತ್ತೇಜನ ಎಂಬ ಕಾಯ್ದೆಯ ಮಾತಿಗೆ ಅರ್ಥ ಬರಬೇಕಾದರೆ ತಾಲ್ಲೂಕು ಗ್ರಂಥಾಲಯದಲ್ಲೋ ಕಾಲೇಜಿನ ಪ್ರಯೋಗಾಲಯದಲ್ಲೋ ಸಂಜೆ ಎರಡು ಗಂಟೆ ನಾಲ್ಕು ಯಂತ್ರಗಳಾದರೂ ತೆರೆದಿರಬೇಕು.

ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ 2012ರಲ್ಲೇ ನೀತಿ ರೂಪಿಸಿದ ರಾಜ್ಯ ನಮ್ಮದು. ಅದರ ಈಚಿನ ರೂಪ 2024ರಿಂದ 2029ರ ಅವಧಿಯದು. ಐವರು ಸ್ವೀಡನ್ನಿನಲ್ಲಿ ಕುಳಿತು ತಮ್ಮ ಪುರಾಣದ ಕಾಡನ್ನು ಕಟ್ಟಿ ಜಗತ್ತಿಗೆ ಮಾರಿದರು. ಮಟ್ಟೆಯಿಂದ ನಾರು, ನಾರಿನಿಂದ ಹಗ್ಗ, ಕರಟದಿಂದ ಇದ್ದಿಲು, ಹೊಂಬಾಳೆಯಿಂದ ನೀರಾ, ವರ್ಷ ಕಾಯ್ದರೆ ಉಂಡೆ ಕೊಬ್ಬರಿ, ಹೀಗೆ ಒಂದೇ ಮರದಿಂದ ಹತ್ತು ಕಸುಬು ಹೊರಡಿಸುವ ನಾಡಿನ ಹುಡುಗರಿಗೆ ಇಂಥ ಆಟದ ಒಳಗುಟ್ಟು ಪರಕೀಯವಲ್ಲ. ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅದು ಯಾವ ಸರ್ಕಾರದ ಯೋಜನೆಯಿಂದಲೂ ಬಂದದ್ದಲ್ಲ, ಸ್ವಯಂಸೇವಕರು ಕುಳಿತು ಅನುವಾದಿಸಿದ್ದು. ನೀತಿಯ ಹಣದಲ್ಲಿ ಒಂದು ಸಣ್ಣ ಪಾಲು ಮಹದೇವಪುರದ ಉತ್ಕೃಷ್ಟತಾ ಕೇಂದ್ರದಿಂದಾಚೆಗೆ, ಕಿಬ್ಬನಹಳ್ಳಿ ಕ್ರಾಸ್ ದಾಟಿ ತಿಪಟೂರಿನವರೆಗೆ ಬರುವುದೇ ಎಂಬುದನ್ನು ಈ ಮೂರು ತಾಲ್ಲೂಕುಗಳ ಶಾಸಕರು ವಿಧಾನಸಭೆಯಲ್ಲಿ ಇನ್ನಾದರೂ ಕೇಳಬೇಕು.