ಓಲೆಯ ಪೀಪಿಯೂ ಎಂಜಿನ್ನಿನ ಅಲಗೂ

ತೆಂಗಿನ ಗರಿಯನ್ನು ಸುರುಳಿ ಸುತ್ತಿ ಮಾಡಿದ ಪೀಪಿಯನ್ನು ಊದದೆ ಬೆಳೆದ ಹಳ್ಳಿಯ ಮಕ್ಕಳು ಕಡಿಮೆ. ಊದುವವರ ಉಸಿರು ಒಂದೇ ಸಮನೆ ಹರಿಯುತ್ತದೆ, ಅದರಲ್ಲಿ ತಾಳವಿಲ್ಲ. ಆದರೂ ಬಾಯಲ್ಲಿರುವ ಓಲೆಯ ತುದಿ ಸೆಕೆಂಡಿಗೆ ನೂರಾರು ಸಲ ಅದುರಿ ಸದ್ದು ಮಾಡುತ್ತದೆ. ಎಷ್ಟು ವೇಗವಾಗಿ ಅದುರಬೇಕೆಂಬುದು ಬಹುಮಟ್ಟಿಗೆ ಓಲೆಯ ಗುಣ; ಅದುರಲು ಬೇಕಾದ ಶಕ್ತಿ ಗಾಳಿಯದು. ಮಕ್ಕಳಿಗೆ ಮೋಜು ಕೊಡುವ ಇಂಥದೇ ಕ್ರಿಯೆ ಜೆಟ್ ಎಂಜಿನ್ನಿನೊಳಗೆ ನಡೆದರೆ ಮಾತ್ರ ಅಪಾಯ ತಪ್ಪಿದ್ದಲ್ಲ. ಎಂಜಿನಿಯರುಗಳು ಇದನ್ನು ‘ಫ್ಲಟರ್’ ಎಂದು ಕರೆಯುತ್ತಾರೆ.

ಪ್ರಯಾಣಿಕ ವಿಮಾನದ ಎಂಜಿನ್ನನ್ನು ಎದುರಿನಿಂದ ನೋಡಿದರೆ ಮೊದಲು ಕಾಣುವುದು ದೊಡ್ಡ ಫ್ಯಾನ್. ಅದರ ಹಿಂದೆ, ಗಾಳಿಯನ್ನು ಹಂತಹಂತವಾಗಿ ಒತ್ತುವ ಕಂಪ್ರೆಸರ್ ಇರುತ್ತದೆ. ಎರಡರಲ್ಲೂ ಇರುವುದು ವೃತ್ತಾಕಾರವಾಗಿ ಜೋಡಿಸಿದ ತೆಳ್ಳನೆಯ ಅಲಗುಗಳು. ಫ್ಯಾನಿನ ಅಲಗಿಗೆ ಬುಡದಲ್ಲಿ ಮಾತ್ರ ಹಿಡಿತ, ತುದಿಗೆ ಆಸರೆಯಿಲ್ಲ.

ಅಲಗು ಅದುರಲು ಎರಡು ಬಗೆಯ ಕಾರಣಗಳುಂಟು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಹೊರಗಿನಿಂದ ತಳ್ಳುತ್ತಿದ್ದರೆ ತೂಗಾಟ ಹೆಚ್ಚುತ್ತದೆ. ಇದು ಅನುರಣನ. ಫ್ಲಟರ್ ಹಾಗಲ್ಲ. ಇಲ್ಲಿ ಹೊರಗಿನಿಂದ ತಾಳ ಹಾಕುವವರು ಯಾರೂ ಇಲ್ಲ. ಅಲಗು ಕೊಂಚ ಅದುರಿದೊಡನೆ ಅದರ ಸುತ್ತಲಿನ ಗಾಳಿಯ ಒತ್ತಡ ಬದಲಾಗುತ್ತದೆ. ಬದಲಾದ ಒತ್ತಡ ಮತ್ತೆ ಅಲಗನ್ನೇ ನೂಕುತ್ತದೆ. ಒಂದು ಸಲ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಅಲಗು ಕಳೆದುಕೊಂಡ ಶಕ್ತಿಗಿಂತ ಗಾಳಿಯಿಂದ ಪಡೆದದ್ದು ತುಸು ಹೆಚ್ಚಾದರೂ ಸಾಕು, ನಡುಕ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆ, ಲೋಹ ದಣಿದು ಬಿರುಕು ಬಿಡುತ್ತದೆ.

ಇದಕ್ಕೆ ಹಿಂದೆ ಕಂಡುಕೊಂಡ ಒಂದು ಉಪಾಯ ಸರಳವಾದದ್ದು. ಪ್ರತಿ ಅಲಗಿನ ನಡುಭಾಗದಲ್ಲಿ ಇಕ್ಕೆಲಕ್ಕೂ ಚಿಕ್ಕ ಚಾಚುಗಳನ್ನು ಇಟ್ಟು, ಅವು ಒಂದಕ್ಕೊಂದು ತಾಗಿ ಬಳೆಯಂತೆ ಕೂಡಿಕೊಳ್ಳುವಂತೆ ಮಾಡಿದರು. ಕೈಕೈ ಹಿಡಿದು ನಿಂತ ಮಕ್ಕಳಂತೆ ಅಲಗುಗಳು ಪರಸ್ಪರ ಆಸರೆಯಾದವು. ಆದರೆ ಕೈ ಹಿಡಿದವರಲ್ಲಿ ಒಬ್ಬರ ನಡುಕ ಇನ್ನೊಬ್ಬರಿಗೂ ದಾಟುತ್ತದಲ್ಲ! ಅಲಗು, ಬಳೆ ಮತ್ತು ಅವನ್ನು ಹೊತ್ತ ತಟ್ಟೆ ಎಲ್ಲವೂ ಒಟ್ಟಾಗಿ ಫ್ಲಟರಿಗೆ ಸಿಲುಕಬಹುದೆಂದು ಅಮೆರಿಕದ ಎಫ್. ಒ. ಕಾರ್ಟಾ 1967ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಇಡೀ ಫ್ಯಾನೇ ಕೂಡಿ ನಡುಗಿದರೆ ಏನಾದೀತೆಂಬುದು 1989ರ ಜನವರಿ 8ರಂದು ಇಂಗ್ಲೆಂಡಿನಲ್ಲಿ ಕಂಡಿತು. ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟಿದ್ದ ಬೋಯಿಂಗ್ 737-400 ವಿಮಾನ ಮೇಲೇರುತ್ತಿದ್ದಾಗ ಎಡ ಎಂಜಿನ್ನಿನ ಫ್ಯಾನಿನ ಒಂದು ಅಲಗು ಮುರಿಯಿತು. ಚಾಲಕರು ತಪ್ಪು ತಿಳಿದು ಸುಸ್ಥಿತಿಯಲ್ಲಿದ್ದ ಬಲ ಎಂಜಿನ್ನನ್ನು ನಿಲ್ಲಿಸಿದರು. ಇಳಿಯುವ ಹೊತ್ತಿಗೆ ಎಡದ್ದೂ ಕೈಕೊಟ್ಟಿತು. ವಿಮಾನ ಕೆಗ್‌ವರ್ತ್ ಬಳಿ ಹೆದ್ದಾರಿಯ ದಿಬ್ಬಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 126 ಮಂದಿಯಲ್ಲಿ 47 ಮಂದಿ ಸತ್ತರು. ಅದೇ ವರ್ಷದ ಜೂನಿನಲ್ಲಿ ಅದೇ ಮಾದರಿಯ ಇನ್ನೆರಡು ಎಂಜಿನ್ನುಗಳಲ್ಲೂ ಅಲಗು ಮುರಿದವು.

ತನಿಖೆ ಕಾರಣವನ್ನು ಬಯಲಿಗೆ ತಂದಿತು. ಹತ್ತು ಸಾವಿರ ಅಡಿಗಿಂತ ಮೇಲೆ, ಎಂಜಿನ್ ಹೆಚ್ಚಿನ ಶಕ್ತಿಯಲ್ಲಿ ಓಡುವಾಗ ಫ್ಯಾನಿನಲ್ಲಿ ಒಂದು ಬಗೆಯ ಕಂಪನ ಹುಟ್ಟುತ್ತಿತ್ತು. ಎಂಜಿನ್ನಿಗೆ ಪ್ರಮಾಣಪತ್ರ ಕೊಡುವ ಮುನ್ನ ನಡೆಸಿದ್ದ ಪರೀಕ್ಷೆಗಳಲ್ಲಿ ಅದು ಪತ್ತೆಯಾಗಿರಲಿಲ್ಲ. ಎಲ್ಲ ಎತ್ತರಗಳಲ್ಲೂ ಉಪಕರಣ ಜೋಡಿಸಿ ಹಾರಾಟದಲ್ಲೇ ಕಂಪನವನ್ನು ಅಳೆಯಬೇಕೆಂದು ತನಿಖಾ ವರದಿ ಶಿಫಾರಸು ಮಾಡಿತು.

ಬೇರೆ ದಾರಿಗಳೂ ಇವೆ. 1984ರಲ್ಲಿ ಬಳಕೆಗೆ ಬಂದ ರೋಲ್ಸ್ ರಾಯ್ಸ್ ಆರ್‌ಬಿ211-535ಇ4 ಎಂಜಿನ್ನಿನ ಟೈಟಾನಿಯಂ ಅಲಗುಗಳು ಅಗಲವಾದವು, ಒಳಗೆ ಜೇನುಹುಟ್ಟಿನಂಥ ರಚನೆಯುಳ್ಳವು. ಗಡುಸು ಹೆಚ್ಚಿದ್ದರಿಂದ ನಡುವಿನ ಚಾಚುಗಳೇ ಬೇಡವಾದವು. ಹಿಂದಿನ 33 ಅಲಗುಗಳ ಜಾಗದಲ್ಲಿ 22 ಸಾಕಾದವು. ಇನ್ನೊಂದು ಉಪಾಯ ವಿಚಿತ್ರವೆನಿಸಬಹುದು: ಅಲಗುಗಳನ್ನು ತದ್ರೂಪಿಗಳಾಗಿ ಮಾಡದೆ ಅವುಗಳ ಸಹಜ ಕಂಪನದಲ್ಲಿ ಸ್ವಲ್ಪ ಏರುಪೇರು ಇಡುವುದು. ಆಗ ಎಲ್ಲವೂ ಒಂದೇ ಲಯದಲ್ಲಿ ಸೇರಿಕೊಳ್ಳುವುದು ಕಷ್ಟವಾಗುತ್ತದೆ.

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಿ. ಎರಡು ಬೆರಳಗಲದ ಕಾಗದದ ಪಟ್ಟಿಯ ಒಂದು ತುದಿಯನ್ನು ಕೆಳತುಟಿಗೆ ಹಿಡಿದು ಅದರ ಮೇಲೆ ಮೆಲ್ಲಗೆ ಊದಿ. ಪಟ್ಟಿ ಸ್ವಲ್ಪ ಮೇಲೇಳುತ್ತದೆ, ಅಷ್ಟೆ. ಜೋರಾಗಿ ಊದಿದರೆ ಪಟಪಟನೆ ಬಡಿದುಕೊಳ್ಳುತ್ತದೆ. ಪಟ್ಟಿಯನ್ನು ಉದ್ದಕ್ಕೆ ಮಡಿಸಿ ಗಡುಸು ಮಾಡಿದರೆ ಅದನ್ನು ನಡುಗಿಸಲು ಇನ್ನೂ ಹೆಚ್ಚು ಉಸಿರು ಬೇಕು. ಮೆಲ್ಲಗೆ ಊದಿದಾಗ ಸುಮ್ಮನಿದ್ದ ಕಾಗದ ಜೋರಾಗಿ ಊದಿದಾಗಲೂ ಸುಮ್ಮನಿರುತ್ತದೆಂದು ನಂಬುವಂತಿಲ್ಲ. ಕೆಗ್‌ವರ್ತ್ ಕಲಿಸಿದ ಪಾಠವೂ ಅದೇ.