ಕೊಹಿನೂರ್ ಉಡುಗೊರೆಯೇ?



ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಸಂತೆಯೂರಿನ ಬಗ್ಗೆ ಬಂದ ಲೇಖನ ಓದಿದೆ. ಮಗನ ಮನೆಗೆ ಹೋದಾಗ ಆ ಊರನ್ನು ಎರಡು ಸಲ ಸುತ್ತಿದವನು ನಾನು. ಕೋಟೆದಿಬ್ಬ, 1540ರಲ್ಲಿ ಮುಚ್ಚಿಸಿದ ಕ್ರೈಸ್ತ ಮಠದ ಪಾಳುಗೋಡೆಗಳು, ಹೊಳೆದಂಡೆಯ ಬೆಂಚಿನ ಮೇಲೆ ಕೂತ ‘ಡ್ಯಾಡ್ಸ್ ಆರ್ಮಿ’ ಧಾರಾವಾಹಿಯ ಕ್ಯಾಪ್ಟನ್ನನ ಪ್ರತಿಮೆ, ಎಲ್ಲವೂ ಚೆನ್ನಾಗಿಯೇ ಬಂದಿವೆ. ಚಿಂತಕ ಥಾಮಸ್ ಪೇನ್ ಪ್ರತಿಮೆಯ ಕೈಯಲ್ಲಿ ಪುಸ್ತಕ ತಲೆಕೆಳಗಾಗಿರುವುದು ಲೇಖಕರ ಕಣ್ಣಿಗೆ ಬೀಳಲಿಲ್ಲ, ಇರಲಿ. ನನ್ನ ತಕರಾರು ಒಂದೇ ಮಾತಿಗೆ. ಅಲ್ಲಿನ ಬಟನ್ ದ್ವೀಪದಲ್ಲಿ ಕುದುರೆಯೇರಿದ ಪ್ರತಿಮೆಯಾಗಿ ನಿಂತಿರುವ ಪಂಜಾಬಿನ ಸಿಖ್ ಮಹಾರಾಜ ದುಲೀಪ್ ಸಿಂಗ್ ಕೊಹಿನೂರನ್ನು ವಿಕ್ಟೋರಿಯಾ ರಾಣಿಗೆ ‘ಉಡುಗೊರೆಯಾಗಿ ಕೊಟ್ಟ’ ಎಂದು ಬರೆದಿದ್ದಾರೆ.

1849ರ ಮಾರ್ಚಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಪಂಜಾಬನ್ನು ವಶಪಡಿಸಿಕೊಂಡು ಲಾಹೋರಿನ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಾಗ ಆ ಹುಡುಗನಿಗೆ ಹತ್ತು ವರ್ಷ. ತಾಯಿಯನ್ನು ಆಗಲೇ ಅವನಿಂದ ಅಗಲಿಸಿದ್ದರು. ವಜ್ರವನ್ನು ರಾಣಿಗೆ ಒಪ್ಪಿಸತಕ್ಕದ್ದು ಎಂದು ಒಪ್ಪಂದದ ಮೂರನೇ ಕಲಮೇ ಹೇಳುತ್ತದೆ. 1854ರಲ್ಲಿ ಅವನು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಚಿತ್ರ ಬರೆಸಿಕೊಳ್ಳುತ್ತಿದ್ದಾಗ ರಾಣಿ ಅದೇ ಕಲ್ಲನ್ನು ತರಿಸಿ ಅವನ ಅಂಗೈಯಲ್ಲಿಟ್ಟಳು. ಅವನನ್ನು ಸಾಕಿದ ಲೇಡಿ ಲಾಗಿನ್ ಹೇಳುವಂತೆ, ಹುಡುಗ ಕಿಟಕಿಯ ಬೆಳಕಿಗೆ ಹೋಗಿ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಮರಳಿ ರಾಣಿಯ ಕೈಗೇ ಕೊಟ್ಟ. ‘ಉಡುಗೊರೆ’ಗೆ ಇರುವ ಆಧಾರ ಇಷ್ಟೇ. ಹದಿನೈದರ ಹುಡುಗ ರಾಣಿಯ ಅರಮನೆಯಲ್ಲಿ ನಿಂತು ಇನ್ನೇನು ಮಾಡಬೇಕಿತ್ತು, ಜೇಬಿಗಿಳಿಸಬೇಕಿತ್ತೇ?

ನಿಮ್ಮ ಲೇಖಕರೊಬ್ಬರನ್ನೇ ದೂರಿ ಫಲವಿಲ್ಲ. 2016ರಲ್ಲಿ ನಮ್ಮ ಕೇಂದ್ರ ಸರ್ಕಾರದ ವಕೀಲರೇ ಸುಪ್ರೀಂ ಕೋರ್ಟಿನಲ್ಲಿ ಕೊಹಿನೂರ್ ಕದ್ದದ್ದೂ ಅಲ್ಲ, ಬಲವಂತದಿಂದ ಒಯ್ದದ್ದೂ ಅಲ್ಲ ಎಂದಿದ್ದರು. ಗದ್ದಲವೆದ್ದ ಮೇಲೆ ಸರ್ಕಾರ ಒಂದೆರಡು ದಿನದಲ್ಲೇ ಮಾತು ಸರಿಪಡಿಸಿಕೊಂಡಿತು.

ಕೊಡಗಿನವನಾದ ನನಗೆ ಈ ‘ಕೊಟ್ಟ’ ಎಂಬ ಮಾತು ಚುಚ್ಚಲು ಇನ್ನೊಂದು ಕಾರಣವಿದೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರಿಗೆ ನೆನಪಿರಬಹುದು. 1834ರಲ್ಲಿ ಪಟ್ಟ ಕಳೆದುಕೊಂಡ ನಮ್ಮ ಕೊಡಗಿನ ಆ ರಾಜ, ಕಂಪನಿ ತಡೆಹಿಡಿದ ತನ್ನ ಹಣ ಕೇಳಲು 1852ರಲ್ಲಿ ಇಂಗ್ಲೆಂಡಿಗೆ ಹೋದ. ಜೊತೆಗೆ ಮಗಳು ಗೌರಮ್ಮ. ಹಣ ಸಿಗಲಿಲ್ಲ, ಮಗಳು ಕ್ರೈಸ್ತಳಾಗಿ ರಾಣಿಯ ಧರ್ಮಪುತ್ರಿಯಾದಳು. ಅದನ್ನೂ ಅಪ್ಪ ಮಗಳನ್ನು ರಾಣಿಗೆ ‘ಕೊಟ್ಟ’ ಎಂದೇ ಬರೆಯುತ್ತಾರೆ. ಇವಳಿಗೂ ದುಲೀಪನಿಗೂ ಮದುವೆಯಾಗಲೆಂದು ರಾಣಿ ಬಯಸಿದ್ದಳು, ಅವನು ಒಲ್ಲೆನೆಂದ. 1864ರಲ್ಲಿ ತೀರಿಕೊಂಡ ಗೌರಮ್ಮನ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಥೆಟ್‌ಫರ್ಡಿನಲ್ಲಿ ದುಲೀಪನ ಪ್ರತಿಮೆ 1999ರಲ್ಲಿ ಎದ್ದು ನಿಂತದ್ದು ಸಿಖ್ಖರು ಹಟ ಹಿಡಿದು ಓಡಾಡಿದ್ದರಿಂದ. ಹತ್ತಿರದ ಎಲ್ವ್‌ಡನ್ ಹಳ್ಳಿಯ ಚರ್ಚಿನ ಆವರಣದಲ್ಲಿ ಅವನ ಗೋರಿಯಿದೆ. ನಾನು ಹೋದ ದಿನ ಅದರ ಮೇಲೆ ಬಾಡದ ಹೂವಿದ್ದವು. ಬ್ರಾಂಪ್ಟನ್ನಿಗೆ ಹೂ ಹಿಡಿದು ಹೋಗುವ ಕನ್ನಡಿಗರು ಎಷ್ಟು ಮಂದಿಯೋ.

ತಿದ್ದುಪಡಿ ಹಾಕುವುದಾದರೆ ಒಳಪುಟದ ಮೂಲೆಯಲ್ಲಿ ಬೇಡ, ಅದೇ ಪ್ರವಾಸ ಪುಟದಲ್ಲಿ ಹಾಕಿ.

— ಓದುಗ, ಮಡಿಕೇರಿ